ರಬ್ಬರಿನ ಮೇಲೆ ನಿಲ್ಲದ ಬಣ್ಣ

ಯಾಚಿಮಾತಾ ಊರಿನ ಶಿಶುವಿಹಾರದ ಬಸ್ಸಿಗೆ ಪಾಂಡಾದ ಮುಖವಿದೆ. ಮುಂದಿನ ದೀಪಗಳೇ ಕಣ್ಣು, ಮಾಡಿನ ಮೇಲೆ ತಗಡಿನ ಎರಡು ಕಿವಿ, ಬಂಪರಿನ ನಡುವೆ ಅಂಟಿಸಿದ ರಬ್ಬರಿನ ಉಂಡೆಯೇ ಮೂಗು. ಆ ಬಸ್ಸನ್ನು ಬಹಳ ವರ್ಷಗಳಿಂದ ಓಡಿಸುತ್ತ ಬಂದವರು ಕುಬೊದೆರಾ ಮಸನೊಬು. ಸಣ್ಣ ಆಳು, ದಪ್ಪ ಕನ್ನಡಕ, ಮಾತು ಕಡಿಮೆ. ದಾರಿಗೆ ಬೆಕ್ಕು ಅಡ್ಡ ಬಂದರೆ ಬಸ್ಸು ನಿಲ್ಲಿಸಿ, ಅದು ದಾಟಿ ಹೋದ ಮೇಲೂ ಎಲ್ಲಿ ಮನಸ್ಸು ಬದಲಾಯಿಸಿ ಹಿಂದಿರುಗೀತೋ ಎಂದು ಇನ್ನೂ ಸ್ವಲ್ಪ ಹೊತ್ತು ಕಾಯುವ ಮನುಷ್ಯ.

ಒಂದು ವಸಂತದಲ್ಲಿ ಪಾಂಡಾದ ಮೂಗು ಬಿಸಿಲಿಗೆ ಬೆಳ್ಳಗೆ ಬಿಳಿಚಿಕೊಂಡಿತು. ಅದಕ್ಕೆ ಜ್ವರ ಬಂದಿದೆ ಎಂದು ಮಕ್ಕಳು ಬಸ್ಸು ಹತ್ತಲು ಒಪ್ಪಲಿಲ್ಲ. ಕುಬೊದೆರಾ ಅವರು ಅಂಗಡಿಯಿಂದ ಕರಿ ಬಣ್ಣದ ಡಬ್ಬಿ ತಂದು ಮೂಗಿಗೆ ಹಚ್ಚಿದರು. ಮೂಗು ಥಳಥಳ ಹೊಳೆಯಿತು. ಮರುದಿನ ಗೇಟಿನ ಕಂಬಕ್ಕೆ ಮೆಲ್ಲಗೆ ಒರಸಿದ್ದೇ ತಡ, ಬಣ್ಣವೆಲ್ಲ ಮೀನಿನ ಪೊರೆಯ ಹಾಗೆ ಎದ್ದು ಉದುರಿತು. ಒಬ್ಬ ಹುಡುಗಿ ಆ ಚೂರುಗಳನ್ನು ಪಾಂಡಾದ ಗಾಯದ ಹಕ್ಕಳೆ ಎಂದುಕೊಂಡು ಕರವಸ್ತ್ರದಲ್ಲಿ ಕಟ್ಟಿ ಮನೆಗೆ ಒಯ್ದಳು. ಅವಳ ತಾಯಿ ಶಿಶುವಿಹಾರಕ್ಕೆ ಫೋನು ಮಾಡಿ ಇದೇನೆಂದು ಕೇಳಿದರು.

ಕುಬೊದೆರಾ ಅವರಿಗೆ ರಬ್ಬರಿನ ಗೀಳು ಹತ್ತಿದ್ದು ಹಾಗೆ. ಮರ, ಕಬ್ಬಿಣ, ಗೋಡೆ ಎಲ್ಲವೂ ಬಣ್ಣ ಹಚ್ಚಿಸಿಕೊಂಡು ಸುಮ್ಮನೆ ನಿಲ್ಲುತ್ತವೆ. ರಬ್ಬರು ಹಾಗಲ್ಲ. ಅದು ಬಾಗುತ್ತದೆ, ಹಿಗ್ಗುತ್ತದೆ, ಒತ್ತಿದರೆ ತಗ್ಗಿ ಮತ್ತೆ ಏಳುತ್ತದೆ. ಬಣ್ಣಕ್ಕೆ ಇದೊಂದೂ ಬರುವುದಿಲ್ಲ. ಆದ್ದರಿಂದ ನೆನೆದ ನಾಯಿ ನೀರು ಕೊಡವುವ ಹಾಗೆ ರಬ್ಬರು ಬಣ್ಣವನ್ನು ಕೊಡವಿಬಿಡುತ್ತದೆ. ಪಾಂಡಾಕ್ಕೆ ಶಿಶುವಿಹಾರದವರು ಹೊಸ ಮೂಗನ್ನೇ ತರಿಸಿದರು. ಆದರೆ ಕುಬೊದೆರಾ ಅವರ ಸೋಲು ಮಾತ್ರ ಅವರ ಹತ್ತಿರವೇ ಉಳಿಯಿತು.

ಅವರಿಗೆ ಇನ್ನೊಂದು ಹವ್ಯಾಸವಿತ್ತು. ಭಾನುವಾರ ಬಂತೆಂದರೆ ಊರಾಚೆ ಹಿರುಮಾ ಅಮ್ಮನವರೆಂಬ ಹಿರಿಯಾಕೆಯ ದೇವದಾರು ತೋಪಿಗೆ ಹೋಗಿ ಬಂದೂಕಿನ ಆಟ ಆಡುವುದು. ನೋಡಲು ಥೇಟ್ ನಿಜದ ಬಂದೂಕು, ಆದರೆ ಒಳಗಿನಿಂದ ಬರುವುದು ಹೆಸರುಕಾಳಿನಷ್ಟು ದಪ್ಪದ ಪ್ಲಾಸ್ಟಿಕ್ ಗುಂಡು. ಮುಖಕ್ಕೆ ಮುಸುಕು, ಕಣ್ಣಿಗೆ ಗಾಜು, ತೋಳಿಗೆ ಕೆಂಪು ಇಲ್ಲವೆ ಹಳದಿ ಪಟ್ಟಿ ಕಟ್ಟಿಕೊಂಡು ಊರಿನ ಅಂಗಡಿಯವರು, ಗುಮಾಸ್ತರು, ನೆಲಗಡಲೆ ಹುರಿಯುವವರು ಎಲ್ಲ ಪೊದೆಗಳ ಹಿಂದೆ ಅವಿತುಕೊಳ್ಳುತ್ತಾರೆ. ಗುಂಡು ತಾಗಿದವನು ತಾನಾಗಿಯೇ ಕೈಯೆತ್ತಿ "ಹಿಟ್" ಎಂದು ಕೂಗಿ, ಆಟದಿಂದ ಹೊರಗೆ ನಡೆದು, ಸತ್ತವರ ಬೆಂಚಿನ ಮೇಲೆ ಕೂರಬೇಕು. ಮೈಗೆ ತಾಗಿದರೂ ಒಂದೇ, ಕೈಯಲ್ಲಿರುವ ಬಂದೂಕಿಗೆ ತಾಗಿದರೂ ಒಂದೇ. ತಾಗಿತೋ ಇಲ್ಲವೋ ಎಂದು ನೋಡುವವರು ಯಾರೂ ಇಲ್ಲ. ತಾಗಿದವನು ಹೇಳಿದರೆ ಆಟ ಉಂಟು, ಹೇಳದಿದ್ದರೆ ಇಲ್ಲ. ತಾಗಿಯೂ ಹೇಳದೆ ಆಡುವವನಿಗೆ ಜೋಂಬಿ ಎಂದು ಹೆಸರು. ಆ ತೋಪಿನಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ.

ಕುಬೊದೆರಾ ಅವರಷ್ಟು ನಿಯತ್ತಾಗಿ ಸಾಯುವವರು ಮಾತ್ರ ಅಲ್ಲಿ ಇನ್ನೊಬ್ಬರಿರಲಿಲ್ಲ. ಓಕ್ ಮರದ ಕಾಯಿ ತಲೆಯ ಮೇಲೆ ಬಿದ್ದರೂ "ಹಿಟ್" ಎಂದು ಎದ್ದು ಹೋಗುವರು. ಒಮ್ಮೆ ಬೆನ್ನಿನ ಮೇಲೆ ಜೀರುಂಡೆ ಬಂದು ಕೂತಿದ್ದಕ್ಕೂ ಕೈಯೆತ್ತಿ ಹೊರನಡೆದು, ಬೆಂಚಿನ ಮೇಲೆ ಅದು ಕಿರುಗುಟ್ಟಲು ಶುರು ಮಾಡಿದ ಮೇಲೆ ವಿಷಯ ತಿಳಿದಿದ್ದರು. ಅವರು ಚೆನ್ನಾಗಿ ಆಡುತ್ತಾರೆಂದು ಯಾರೂ ಹೇಳುತ್ತಿರಲಿಲ್ಲ. ಆದರೆ ಹೊಸಬರು ಬಂದಾಗ ಹಿರುಮಾ ಅಮ್ಮನವರು ದೂರದಿಂದಲೇ ಅವರನ್ನು ತೋರಿಸಿ, ಆಡಿದರೆ ಹಾಗೆ ಆಡಬೇಕು ಎನ್ನುತ್ತಿದ್ದರು. ಅದನ್ನು ಕೇಳಿಸಿಕೊಂಡು ಕೇಳಿಸದವರ ಹಾಗೆ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುವುದು ಕುಬೊದೆರಾ ಅವರ ಬದುಕಿನ ದೊಡ್ಡ ಸುಖ.

ಈ ಬಂದೂಕಿನ ಹಿಂಭಾಗದಲ್ಲಿ, ಭುಜಕ್ಕೆ ಒರಗುವಲ್ಲಿ, ಒಂದು ರಬ್ಬರಿನ ದಿಂಡು ಇರುತ್ತದೆ. ಹಿಡಿಗೂ ರಬ್ಬರಿನ ತೊಡಿಗೆ. ಎಲ್ಲರೂ ತಮ್ಮ ಬಂದೂಕಿಗೆ ಹಸಿರು, ಕಂದು ಬೆರೆತ ತರಗೆಲೆಯ ಬಣ್ಣ ಹಚ್ಚಿಕೊಂಡು ರಬ್ಬರನ್ನು ಮಾತ್ರ ಕರ್ರಗೆ ಬಿಟ್ಟಿರುತ್ತಾರೆ. ಅದರ ಮೇಲೆ ಏನೂ ನಿಲ್ಲುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಕುಬೊದೆರಾ ಅವರಿಗೂ ಗೊತ್ತು, ಅವರಿಗೆ ಅದನ್ನು ಒಪ್ಪಲು ಆಗುತ್ತಿರಲಿಲ್ಲ, ಅಷ್ಟೆ. ಊರಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಇಟ್ಟಿರುವ ನೆಜು ಅವರ ಹಳೆಯ ಗೆಳೆಯ. "ಕಪ್ಪಗಿದ್ರೆ ಇರ್ಲಿ ಬಿಡೋ, ನಿನ್ನ ರಬ್ಬರನ್ನ ಯಾರೋ ನೋಡ್ತಾರೆ," ಎಂದು ನೆಜು ರೇಗಿಸಿದರೆ, ಕಾಡಿನಲ್ಲಿ ಎಲ್ಲಿಯಾದರೂ ಅಷ್ಟು ಕಪ್ಪು ಕಂಡಿದ್ದೀಯಾ ಎಂದು ಕುಬೊದೆರಾ ಗಂಭೀರವಾಗಿ ಕೇಳುವರು. ರಬ್ಬರನ್ನು ಪಾತ್ರೆಯ ಸಾಬೂನಿನಿಂದ ತೊಳೆದು, ಸ್ಪಿರಿಟಿನಿಂದ ಒರಸಿ, ನುಣ್ಣನೆಯ ಮರಳು ಕಾಗದದಿಂದ ತಿಕ್ಕಿ, ತೆಳ್ಳಗೆ ಒಂದು ಪದರ ಹಚ್ಚಿ, ಹೆಂಡತಿಯ ಕೂದಲು ಒಣಗಿಸುವ ಯಂತ್ರದಿಂದ ಆರಿಸಿ, ಮೇಲೆ ಇನ್ನೊಂದು ಪದರ ಹಚ್ಚುವರು. ಭಾನುವಾರ ಹತ್ತು ಹೆಜ್ಜೆ ಓಡುವಷ್ಟರಲ್ಲಿ ಎಲ್ಲ ಉದುರುವುದು. ಒಂದು ಸಲ ನೆಜು ಎದುರು ಪಕ್ಷದಲ್ಲಿದ್ದಾಗ, ನೆಲದ ಮೇಲೆ ಬಿದ್ದ ಹಸಿರು ಚಕ್ಕೆಗಳನ್ನು ಹಿಂಬಾಲಿಸಿಕೊಂಡು ಬಂದು, ಬಿದಿರಿನ ಮೆಳೆಯ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದ ಗೆಳೆಯನ ಬೆನ್ನು ತಟ್ಟಿದ್ದರು.

ಕೊನೆಗೆ ಬಣ್ಣ ಸಿಕ್ಕಿತು. ಮಳೆಗಾಲದ ಬೂಟಿನ ಬಿರುಕಿಗೆ ಹಾಕುವ ಅಂಟಿಗೆ ಬಟ್ಟೆಯ ಬಣ್ಣ ಬೆರೆಸಿ, ಇನ್ನೂ ಏನೇನೋ ತೊಟ್ಟು ಹಾಕಿ, ಬೆಂಕಿಯ ಹತ್ತಿರ ತರದೆ ಬಿಸಿನೀರಿನ ಬಟ್ಟಲಿನಲ್ಲಿ ಇಟ್ಟು ಕಲಸಿದರು. ಮೊದಲು ಪರೀಕ್ಷೆಗೆಂದು ಅಡುಗೆಮನೆಯ ರಬ್ಬರಿನ ಕೈಗವಸಿಗೆ ಹಚ್ಚಿ, ಒಳಗೆ ನೀರು ತುಂಬಿ ಕುಂಬಳಕಾಯಿಯಷ್ಟು ಉಬ್ಬಿಸಿದರು. ಬಣ್ಣ ಉಬ್ಬಿತು, ಒಡೆಯಲಿಲ್ಲ. ಆ ಖುಷಿಯಲ್ಲಿ ಬಿಸಿನೀರಿನ ಚೀಲಕ್ಕೆ ಹಚ್ಚಿದರು, ಸ್ನಾನದ ಮನೆಯ ಚಪ್ಪಲಿಗೆ ಹಚ್ಚಿದರು, ಶೌಚದ ಕೊಳವೆ ಕಟ್ಟಿಕೊಂಡಾಗ ಒತ್ತುವ ರಬ್ಬರಿನ ಬಟ್ಟಲಿಗೂ ತರಗೆಲೆಯ ಚಿತ್ತಾರ ಬಿಡಿಸಿದರು. ಅವರ ಹೆಂಡತಿ ಯಸುಯೊ ಮಾತಿನಲ್ಲಿ ಯಾರಿಗೂ ಬಿಟ್ಟುಕೊಡುವವರಲ್ಲ. ಈ ಮನೆಯಲ್ಲಿ ಬೇಕಾದ ವಸ್ತು ಹುಡುಕಬೇಕಾದರೆ ಇನ್ನು ಬೇಟೆನಾಯಿ ಸಾಕಬೇಕು ಎಂದರು.

ಆ ಬಣ್ಣಕ್ಕೆ ಒಂದೇ ಒಂದು ದೋಷವಿತ್ತು. ಮುಟ್ಟಿದರೆ ಬೆರಳನ್ನು ತಕ್ಷಣ ಬಿಡುತ್ತಿರಲಿಲ್ಲ. ಇದು ಒಣಗಿಲ್ಲ ಎಂದು ಯಸುಯೊ ಹೇಳಿದಾಗ ಕುಬೊದೆರಾ ಅವರಿಗೆ ಬೇಸರವಾಯಿತು. "ಒಣಗಿಲ್ಲ ಅಂತಲ್ಲ ಕಣೆ, ಅದರ ಸ್ವಭಾವವೇ ಸ್ವಲ್ಪ ಹಚ್ಚಿಕೊಳ್ಳೋದು," ಎಂದರು.

ಬಂದೂಕಿನಲ್ಲಿ ಇದ್ದ ರಬ್ಬರೆಲ್ಲ ಒಂದು ಸಂಜೆಯಲ್ಲಿ ಮುಗಿಯಿತು. ಬಣ್ಣ ಇನ್ನೂ ಡಬ್ಬಿ ತುಂಬ ಉಳಿದಿತ್ತು. ಅಲ್ಲೇ ಅವರು ಎಡವಿದ್ದು. ಹಚ್ಚಲು ರಬ್ಬರು ಸಾಲದೆಂದು ಹಳೆಯ ಸೈಕಲ್ಲಿನ ಟ್ಯೂಬು ಸೀಳಿ ಬಂದೂಕಿನ ಮುಂಭಾಗಕ್ಕೆ ಸುತ್ತಿದರು. ಇಬ್ಬದಿಗೂ ರಬ್ಬರಿನ ಹಾಳೆ ಕತ್ತರಿಸಿ ಅಂಟಿಸಿದರು. ನಳಿಗೆಗೂ ಒಂದು ಕವಚ ತೊಡಿಸಿದರು. ಎಲ್ಲದಕ್ಕೂ ಬಣ್ಣ ಹಚ್ಚಿ ಮುಗಿಸಿದಾಗ ಬಂದೂಕು ಚಳಿಗಾಲದ ಅಂಗಿ ತೊಟ್ಟ ಮುದಿ ನಾಯಿಯ ಹಾಗೆ ದುಂಡಗೆ, ಮೆತ್ತಗೆ ಕಾಣುತ್ತಿತ್ತು. ಅಷ್ಟು ಚಂದದ ವಸ್ತುವನ್ನು ತಾವು ಹಿಂದೆಂದೂ ಮಾಡಿರಲಿಲ್ಲ ಎಂದು ಕುಬೊದೆರಾ ಅವರಿಗೆ ಅನಿಸಿತು. ಅದನ್ನು ಅವರು ನೆಲಕ್ಕೆ ಇಡುತ್ತಿರಲಿಲ್ಲ. ಕುರ್ಚಿಗೆ ಒರಗಿಸಬೇಕಾದರೂ ಕೆಳಗೆ ಪತ್ರಿಕೆ ಹಾಸುವರು, ಆಮೇಲೆ ಆ ಪತ್ರಿಕೆಯನ್ನು ಬಹಳ ಹೊತ್ತು ಬಿಡಿಸುವರು.

ಆ ಭಾನುವಾರ ಅವರಿಗೆ ಒಂದು ಗುಂಡೂ ತಾಗಲಿಲ್ಲ. ಅವರ ಜನ್ಮದಲ್ಲಿ ಹಾಗಾದದ್ದು ಅದೇ ಮೊದಲು. ಪೊದೆಯಿಂದ ಪೊದೆಗೆ ಹೋದರು, ಯಾರಿಗೂ ಕಾಣಲಿಲ್ಲವೆಂಬಂತೆ ಎಲ್ಲ ಗುಂಡುಗಳೂ ಅವರನ್ನು ಬಿಟ್ಟುಹೋದವು. ಇದು ಬಣ್ಣದ ಮಹಿಮೆ, ತಾನು ಮರಗಳ ಜೊತೆ ಒಂದಾಗಿ ಹೋಗಿದ್ದೇನೆ ಎಂದುಕೊಂಡು ಮಧ್ಯಾಹ್ನ ಹಿರುಮಾ ಅಮ್ಮನವರ ಕರ್ರಿ ಅನ್ನವನ್ನು ಎರಡನೆಯ ಸಲ ಹಾಕಿಸಿಕೊಂಡರು. ಮುಂದಿನ ಭಾನುವಾರವೂ ಹಾಗೆಯೇ ಆಯಿತು.

ಅಂದು ಸಂಜೆ ಅವರು ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಾಗ ಹಿರುಮಾ ಅಮ್ಮನವರು ಪಕ್ಕಕ್ಕೆ ಬಂದು ನಿಂತರು. ಎಪ್ಪತ್ತು ದಾಟಿದ ಆಕೆ ಒಂದು ಕಾಲದಲ್ಲಿ ಶಾಲೆಯಲ್ಲಿ ಆಟದ ಟೀಚರಾಗಿದ್ದವರು, ಕುತ್ತಿಗೆಯಲ್ಲಿ ಈಗಲೂ ಪೀಪಿ. ತೋಪಿಗೆ ಬರುವವರಲ್ಲಿ ಒಂದು ಕ್ರಮವಿದೆ. ಯಾರೂ ಯಾರನ್ನೂ ಮುಖ ನೋಡಿ ಜೋಂಬಿ ಎನ್ನುವಂತಿಲ್ಲ. ಅನುಮಾನ ಬಂದರೆ ಆಕೆಯ ಕಿವಿಯಲ್ಲಿ ಹೇಳಬೇಕು. ಆಕೆಯೂ ನೇರವಾಗಿ ಅನ್ನುವುದಿಲ್ಲ.

"ಕುಬೊದೆರಾ ಅವರೇ, ಈಚೆಗೆ ಕಿವಿ ಎಲ್ಲ ಚೆನ್ನಾಗಿ ಕೇಳ್ತಿದೆ ಅಲ್ವಾ?" ಎಂದು ಕೇಳಿದರು.

ಕುಬೊದೆರಾ ಅವರ ಕೈಯಲ್ಲಿದ್ದ ನೀರು ಕೈಯಲ್ಲೇ ಉಳಿಯಿತು. ಆ ತೋಪಿನಲ್ಲಿ ಹಿರುಮಾ ಅಮ್ಮನವರು ಒಬ್ಬರ ಕಿವಿಯ ಬಗ್ಗೆ ವಿಚಾರಿಸಿದರೆ ಅದಕ್ಕೆ ಒಂದೇ ಅರ್ಥ: ನಿಮ್ಮ ಮೇಲೆ ದೂರು ಬಂದಿದೆ. ಆಮೇಲೂ ಸರಿಹೋಗದಿದ್ದರೆ ಆಕೆ ಮಂಡಿಯ ಬಗ್ಗೆ ಕೇಳುತ್ತಾರೆ. ಮಂಡಿ ನೋಯುತ್ತಿರಬೇಕು, ಸ್ವಲ್ಪ ಕಾಲ ವಿಶ್ರಾಂತಿ ತೆಗೆದುಕೊಳ್ಳಿ ಎನ್ನುತ್ತಾರೆ. ಹಾಗೆ ಮಂಡಿ ವಿಚಾರಿಸಿಕೊಂಡವರು ಯಾರೂ ಆ ತೋಪಿಗೆ ಮರಳಿ ಬಂದದ್ದಿಲ್ಲ. ಹಿಂದೊಮ್ಮೆ ಒಬ್ಬ ಅಂಚೆಯವನಿಗೆ ಹಾಗಾಗಿತ್ತು. ಅವನು ದಿನವೂ ಸೈಕಲ್ ತುಳಿದು ಊರೆಲ್ಲ ಸುತ್ತುವುದನ್ನು ಎಲ್ಲರೂ ನೋಡುತ್ತಿದ್ದರು, ಆದರೂ ಅವನ ಮಂಡಿಯ ಬಗ್ಗೆ ಮರುಕದಿಂದಲೇ ಮಾತಾಡುತ್ತಿದ್ದರು.

ಚೆನ್ನಾಗಿ ಕೇಳುತ್ತಿದೆ ಎಂದು ಕುಬೊದೆರಾ ಹೇಗೋ ಉತ್ತರ ಕೊಟ್ಟು ಮನೆಗೆ ಬಂದರು. ಆ ವಾರವೆಲ್ಲ ಅವರಿಗೆ ಊಟ ಸೇರಲಿಲ್ಲ. ತಾನು ಜೋಂಬಿಯಂತೆ. ಜೀರುಂಡೆಗೂ ಸತ್ತವನು ತಾನು. ಬಸ್ಸಿನಲ್ಲಿ ಒಬ್ಬ ಹುಡುಗ ಎಸೆದ ಕಿತ್ತಳೆಯ ಸಿಪ್ಪೆ ತೋಳಿಗೆ ತಾಗಿದಾಗ ಅವರು ತಮಗೇ ತಿಳಿಯದೆ "ಹಿಟ್" ಎಂದು ಕೈಯೆತ್ತಿ ಬಸ್ಸನ್ನು ರಸ್ತೆಯ ಬದಿಗೆ ನಿಲ್ಲಿಸಿದರು.

ಮುಂದಿನ ಭಾನುವಾರ ಅವರು ಒಂದು ತೀರ್ಮಾನ ಮಾಡಿಕೊಂಡೇ ಹೋಗಿದ್ದರು. ಏನೇ ಸದ್ದಾದರೂ ಸಾಯುವುದು. ಮೊದಲ ಆಟ ಶುರುವಾಗುವ ಪೀಪಿ ಊದಿದ್ದೇ "ಹಿಟ್" ಎಂದರು. ಎರಡನೆಯದರಲ್ಲಿ ತಮ್ಮದೇ ಪಕ್ಷದವನೊಬ್ಬ ಸೀನಿದ್ದಕ್ಕೆ ಸತ್ತರು. ಆಮೇಲೆ ಪಾರಿವಾಳಕ್ಕೆ, ಒಣಗಿದ ಕಡ್ಡಿಗೆ, ಯಾರದೋ ಜೇಬಿನ ಫೋನಿಗೆ.  ಕೊನೆಯ ಆಟದಲ್ಲಿ ಮಾತ್ರ ಅವರು ಒಂದು ಮರದ ದಿಮ್ಮಿಯ ಹಿಂದೆ, ಬಂದೂಕನ್ನು ದಿಮ್ಮಿಯ ಮೇಲೆ ಚಾಚಿ, ಮೈಯೆಲ್ಲ ಕಿವಿಯಾಗಿ ಕೂತರು. ಗಾಳಿ ಇರಲಿಲ್ಲ, ಹಕ್ಕಿ ಇರಲಿಲ್ಲ. ಒಂದು ಸಣ್ಣ ಸದ್ದೂ ಕೇಳಲಿಲ್ಲ. ಈ ಸಲ ತಾಗಿಲ್ಲ, ಖಂಡಿತ ತಾಗಿಲ್ಲ ಎಂದುಕೊಂಡು ಆಟ ಮುಗಿದ ಮೇಲೆ ಹಗುರಾಗಿ ಎದ್ದು ಬಂದರೆ, ಹಿರುಮಾ ಅಮ್ಮನವರು ಅವರ ಮಂಡಿಯನ್ನೇ ನೋಡುತ್ತಿದ್ದರು.

"ಮುಂದಿನ ಭಾನುವಾರ ಸ್ವಲ್ಪ ಬೇಗ ಬನ್ನಿ. ಮಾತಾಡೋದಿದೆ," ಎಂದರು.

ಮನೆಗೆ ಬಂದ ಕುಬೊದೆರಾ ಬಂದೂಕನ್ನು ಬಾಗಿಲ ಬಳಿ ಪತ್ರಿಕೆಯ ಮೇಲೆ ಇಟ್ಟು, ಚಹಾ ಕೂಡ ಕೇಳದೆ ಗೋಡೆಗೆ ಮುಖ ಮಾಡಿ ಕೂತರು. ಹೊಸ್ತಿಲು ಗುಡಿಸುತ್ತಿದ್ದ ಯಸುಯೊ ಬಂದೂಕಿನ ಹತ್ತಿರ ಬಗ್ಗಿದವರು ಹಾಗೆಯೇ ನಿಂತರು.

"ರೀ, ಸ್ವಲ್ಪ ಬನ್ನಿ ಇಲ್ಲಿ. ನಿಮ್ಮ ಬಂದೂಕಿಗೆ ಅಮ್ಮ ಬಂದಿದೆ."

ಕುಬೊದೆರಾ ಕನ್ನಡಕ ಏರಿಸಿಕೊಂಡು ಬಂದು ನೋಡಿದರು. ಬಂದೂಕಿನ ಎಡಬದಿಯಲ್ಲಿ, ತರಗೆಲೆಯ ಚಿತ್ತಾರದ ನಡುವೆ, ಬೆಳ್ಳನೆಯ ಗುಂಡುಗಳು ಅಂಟಿ ಕೂತಿದ್ದವು. ಎಳ್ಳು ಹಚ್ಚಿದ ಬಿಸ್ಕತ್ತಿನ ಹಾಗೆ ಕಾಣುತ್ತಿತ್ತು. ನೆಲದಿಂದ ಮೆತ್ತಿಕೊಂಡಿರಬೇಕು, ತೋಪಿನಲ್ಲಿ ಎಲ್ಲಿ ನೋಡಿದರೂ ಗುಂಡು ಚೆಲ್ಲಿರುತ್ತವೆ ಎಂದು ಅವರು ಮೆಲ್ಲಗೆ ಹೇಳಿದರು.

"ಯಾವ ನೆಲ? ನೀವು ಅದನ್ನ ಒಂದು ದಿನ ನೆಲಕ್ಕಿಟ್ಟಿದ್ದೀರಾ? ನನ್ನ ಸೊಂಟ ನೋವಿದ್ದಾಗ್ಲೂ ದಿಂಬು ಅದಕ್ಕೇ ಕೊಟ್ಟಿದ್ದು," ಎಂದರು ಯಸುಯೊ.

ಅದು ನಿಜವಾಗಿತ್ತು. ಅಲ್ಲದೆ ಪ್ರತಿಯೊಂದು ಗುಂಡೂ ತನ್ನದೇ ಒಂದು ಪುಟ್ಟ ಗುಳಿಯಲ್ಲಿ, ಸುತ್ತ ಬಣ್ಣದ ಅಂಚು ಎಬ್ಬಿಸಿಕೊಂಡು ಕೂತಿತ್ತು. ಹಾರಿ ಬಂದು ಕಚ್ಚಿಕೊಂಡ ಗುಂಡುಗಳೇ ಅವು. ಕುಬೊದೆರಾ ಒಂದು ಗುಂಡನ್ನು ಬಿಡಿಸಿ ಹೆಂಡತಿಯ ಕೈಗೆ ಕೊಟ್ಟು, ಕಣ್ಣು ಮುಚ್ಚಿ ನಿಂತು, ಬಂದೂಕಿಗೆ ಎಸೆಯಲು ಹೇಳಿದರು. ಅವರಿಗೆ ಏನೂ ಕೇಳಲಿಲ್ಲ. ಎಸೆದಾಯಿತೇ ಎಂದು ಕೇಳಿದರು. ಎಸೆದಾಯಿತು ಎಂದರು ಯಸುಯೊ. ಬಾಣಲೆಗೆ ಎಸೆಯಲು ಹೇಳಿದರು, ಟಣ್ ಎಂದಿತು. ಆಮೇಲೆ ಯಸುಯೊ ಕೇಳದೆಯೇ ನೆಲಗಡಲೆಯ ಡಬ್ಬಿ ತಂದು ಬಂದೂಕಿಗೆ ಒಂದು, ಬಾಣಲೆಗೆ ಒಂದು, ನಡುವೆ ಗಂಡನ ಹೊಟ್ಟೆಗೆ ಒಂದು ಎಸೆಯುತ್ತ ಹೋದರು. ಪರೀಕ್ಷೆಗೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಎಸೆದರು.

ವಿಷಯ ತಿಳಿಯಾಯಿತು. ಗಟ್ಟಿ ಪ್ಲಾಸ್ಟಿಕ್ಕಿಗೆ ಗುಂಡು ಬಡಿದರೆ ಟಕ್ ಎನ್ನುತ್ತದೆ, ಹಿಡಿದವನಿಗೆ ಗೊತ್ತಾಗುತ್ತದೆ. ಇವರ ಬಂದೂಕಿಗೆ ಬಡಿದದ್ದು ರಬ್ಬರಿನಲ್ಲಿ ಇಂಗಿಹೋಗುತ್ತಿತ್ತು. ಭಾನುವಾರದ ಮೇಲೆ ಭಾನುವಾರ ಅವರಿಗೆ ಗುಂಡು ತಾಗುತ್ತಲೇ ಇತ್ತು. ದೂರು ಕೊಟ್ಟವನು ಸುಳ್ಳು ಹೇಳಿರಲಿಲ್ಲ. ಅಷ್ಟು ದಿನ ತೋಪಿನಲ್ಲಿ ಮರಗಳ ಜೊತೆ ಒಂದಾಗಿದ್ದೇನೆ ಎಂದುಕೊಂಡು ಅವರು ಓಡಾಡಿದ್ದು ಜೋಂಬಿಯಾಗಿಯೇ.

"ಕಿತ್ತು ಬಿಸಾಕಿ ಅತ್ಲಾಗೆ. ಯಾರಿಗೆ ಗೊತ್ತಾಗತ್ತೆ," ಎಂದರು ಯಸುಯೊ. ಗಂಡನ ಮುಖ ನೋಡಲಾರದೆ ಹೇಳಿದ ಮಾತು ಅದು.

ಕುಬೊದೆರಾ ಇನ್ನೊಂದು ಗುಂಡನ್ನು ಉಗುರಿನಿಂದ ಎಬ್ಬಿಸಿದರು. ಅದು ಬಿಟ್ಟ ಗುಳಿಯನ್ನೇ ನೋಡುತ್ತ ಕೂತರು. ಬಣ್ಣ ನಿಧಾನವಾಗಿ ಸರಿದು ಬಂದು, ಗುಳಿ ಮುಚ್ಚಿ, ಸ್ವಲ್ಪ ಹೊತ್ತಿನಲ್ಲಿ ಅಲ್ಲಿ ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ನುಣ್ಣಗಾಯಿತು. ಹಿಂದಿನ ಭಾನುವಾರಗಳ ಗುಂಡುಗಳೂ ಓಡಾಟದಲ್ಲಿ ಪೊದೆಗೆ ಒರಸಿ ಉದುರಿ, ಹೀಗೆಯೇ ಗುರುತು ಮುಚ್ಚಿಹೋಗಿರಬೇಕು. ಅದನ್ನು ನೋಡಿ ಅವರಿಗೆ ಒಂದು ಥರ ಹೆದರಿಕೆಯಾಯಿತು. ಉಳಿದ ಗುಂಡುಗಳನ್ನು ಮುಟ್ಟಲಿಲ್ಲ. ಬೆಕ್ಕು ನೆಕ್ಕದಿರಲೆಂದು ಮೀನು ಒಣಗಿಸುವ ಬಿದಿರಿನ ಮೊರವನ್ನು ಮೇಲೆ ಕವುಚಿಟ್ಟರು.

ಮುಂದಿನ ಭಾನುವಾರ ಅವರು ಬೇಗ ಹೋದರು. ಆದರೂ ಆಗಲೇ ಬಹಳ ಜನ ಬಂದು ಮೇಜುಗಳ ಸುತ್ತ ಬಂದೂಕಿಗೆ ಗುಂಡು ತುಂಬುತ್ತಿದ್ದರು. ಹಿರುಮಾ ಅಮ್ಮನವರು ಕರ್ರಿಯ ಹಂಡೆಗೆ ಸೌಟು ಹಾಕಿ ತಿರುವುತ್ತಿದ್ದವರು, ಇವರನ್ನು ಕಂಡು ಸೌಟು ಹಿಡಿದೇ ಹತ್ತಿರ ಬಂದರು.

"ಬಂದ್ರಾ. ನಿಮ್ಮ ಮಂಡಿ..." ಎಂದು ಶುರು ಮಾಡಿದರು.

 ಆ ಮಾತು ಪೂರ್ತಿಯಾದರೆ ಮುಗಿಯಿತು, ಒಮ್ಮೆ ಆಡಿದ ಮಾತನ್ನು ಆಕೆ ಹಿಂದೆ ತೆಗೆದುಕೊಂಡವರಲ್ಲ. ಕುಬೊದೆರಾ ಬದುಕಿನಲ್ಲಿ ಮೊದಲ ಬಾರಿಗೆ ಹಿರಿಯರೊಬ್ಬರ ಮಾತನ್ನು ನಡುವೆಯೇ ತಡೆದು, ಒಂದು ನಿಮಿಷ ಎಂದು ಹೇಳಿ, ಬಟ್ಟೆ ಸುತ್ತಿದ ಬಂದೂಕನ್ನು ಮೇಜಿನ ಮೇಲೆ ಇಟ್ಟು ಬಟ್ಟೆ ಎಳೆದರು. ಅದು ಬರಲಿಲ್ಲ. ಇನ್ನಷ್ಟು ಎಳೆದರು. ಬಂದೂಕೂ ಬಟ್ಟೆಯೂ ಕೂಡಿಯೇ ಬಂದವು. ಕೊನೆಗೆ ಇಬ್ಬರು ಬಂದು ಬಂದೂಕನ್ನು ಆ ಕಡೆಯಿಂದ ಹಿಡಿದುಕೊಂಡರು. ಇವರು ಈ ಕಡೆಯಿಂದ ಬಟ್ಟೆ ಜಗ್ಗಿದರು. ಅಂತೂ ಅದು ಸೊರ್ ಎಂದು ಬಿಟ್ಟುಬರುವ ಹೊತ್ತಿಗೆ ತೋಪಿನಲ್ಲಿದ್ದವರೆಲ್ಲ ಸುತ್ತ ನೆರೆದಿದ್ದರು. ಬಿಳಿ ಗುಂಡುಗಳು ಇದ್ದಲ್ಲೇ ಇದ್ದವು.

ಇಷ್ಟು ಜನರೆದುರು ಮಾತಾಡಿ ಅವರಿಗೆ ಅಭ್ಯಾಸವಿರಲಿಲ್ಲ. ಬೂಟನ್ನು ನೋಡುತ್ತ ಹೇಳಿದರು:

"ಹೋದ ಭಾನುವಾರ ನನಗೆ ಗುಂಡು ತಾಗಿತ್ತು. ಅದರ ಹಿಂದಿನ ಭಾನುವಾರಗಳಲ್ಲೂ ತಾಗಿರಬೇಕು. ರಬ್ಬರು ಜಾಸ್ತಿಯಾಗಿ ನನಗೆ ಕೇಳಿಸಲಿಲ್ಲ. ಈಗ ಹೇಳ್ತಿದ್ದೀನಿ. ಹಿಟ್."

ಕೈಯೆತ್ತಿದರು. ಎತ್ತಿದ ಕೈಯನ್ನು ಇಳಿಸದೆ, ಹಾಗೆಯೇ ನಡೆದು, ಇನ್ನೂ ಆಟವೇ ಶುರುವಾಗದ ತೋಪಿನಲ್ಲಿ ಸತ್ತವರ ಖಾಲಿ ಬೆಂಚಿನ ಮೇಲೆ ಒಬ್ಬರೇ ಹೋಗಿ ಕೂತರು.

ಯಾರೋ ಕಿಸಕ್ಕೆಂದರು. ಹಿರುಮಾ ಅಮ್ಮನವರು ಆ ಕಡೆ ಒಮ್ಮೆ ನೋಡಿದ ಮೇಲೆ ಸುಮ್ಮನಾದರು. ಆಕೆ ಪಕ್ಕದಲ್ಲಿದ್ದ ನೆಜು ಅವರ ಬಂದೂಕಿಗೆ ಸೌಟಿನ ಹಿಡಿಯಿಂದ ತಟ್ಟಿದರು. ಟಕ್ ಎಂದಿತು. ಕುಬೊದೆರಾ ಅವರದಕ್ಕೆ ತಟ್ಟಿದರು. ಏನೂ ಇಲ್ಲ. ಸೌಟು ಅಂಟಿಕೊಂಡಿತು, ಕಿತ್ತುಕೊಂಡರು. ಒಬ್ಬರು ಹಿಡಿದು ಕಿವಿಗೊಡಬೇಕು, ಇನ್ನೊಬ್ಬರು ದೂರದಿಂದ ಹೊಡೆಯಬೇಕು, ಆಗ ಗೊತ್ತಾಗುತ್ತದೆ ಎಂದರು. ಯಾರೂ ಮುಂದೆ ಬರಲಿಲ್ಲ. ನೆಜು ಬಂದು ಬಂದೂಕನ್ನು ಮಗುವಿನ ಹಾಗೆ ತೋಳಿನ ಮೇಲೆ ಎತ್ತಿಕೊಂಡು ಕಣ್ಣು ಮುಚ್ಚಿ ನಿಂತರು. ಹೊಡೆದದ್ದು ಯಾವಾಗ ಎಂದು ಅವರಿಗೆ ತಿಳಿಯಲೇ ಇಲ್ಲ. ಹೊಡೆಯಿರಪ್ಪ, ಎಷ್ಟು ಹೊತ್ತು ನಿಲ್ಲಿಸ್ತೀರಿ ಎಂದು ಅವರು ಕೇಳುವಷ್ಟರಲ್ಲಿ ಎಡಬದಿಗೆ ಹೊಸ ಗುಂಡುಗಳು ಬಂದು ಕೂತಿದ್ದವು.

ಹಿರುಮಾ ಅಮ್ಮನವರು ಬೆಂಚಿನ ಬಳಿಗೆ ನಡೆದುಹೋದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನಿಮ್ಮ ಮಂಡಿ ಚೆನ್ನಾಗಿದೆ ಕುಬೊದೆರಾ ಅವರೇ. ನಾನು ನೋಡ್ತಾನೇ ಇದ್ದೆ, ಒಳ್ಳೇ ಮಂಡಿ. ಕಿವೀನೂ ಚೆನ್ನಾಗಿದೆ. ಕಿವಿ ಇಲ್ಲದ್ದು ಆ ಬಂದೂಕಿಗೆ. ಅದರ ಮೈಮೇಲಿನ ರಬ್ಬರು ಬಿಚ್ಚಿಬಿಡಿ, ಮೊದಲಿಂದ ಇದ್ದದ್ದು ಮಾತ್ರ ಇರ್ಲಿ."

ಕುಬೊದೆರಾ ತಲೆಯಾಡಿಸಿದರು. ಹೆಸರು ಉಳಿಯಿತು. ಎದೆಯ ಮೇಲೆ ವಾರಗಟ್ಟಲೆ ಕೂತಿದ್ದ ಭಾರ ಇಳಿಯಿತು. ಆಮೇಲೆ ರಬ್ಬರು ಬಿಚ್ಚಲು ಕೂತರು. ಟ್ಯೂಬು ಎಳೆದಷ್ಟೂ ಹಿಗ್ಗಿತು, ಅದರ ಜೊತೆ ಬಣ್ಣವೂ ಹಿಗ್ಗಿತು, ಒಂದು ಗೆರೆ ಸಹ ಬಿರಿಯಲಿಲ್ಲ. ಅದನ್ನು ಯಾರಿಗಾದರೂ ತೋರಿಸಬೇಕೆಂದು ತಲೆಯೆತ್ತಿದರೆ ಎಲ್ಲರೂ ಆಟಕ್ಕೆ ಹೊರಟಿದ್ದರು. ಬಿಚ್ಚಿದ ರಬ್ಬರನ್ನು ಜೋಪಾನವಾಗಿ ಸುರುಳಿ ಸುತ್ತಿ ಚೀಲದಲ್ಲಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಸುರುಳಿ ತನಗೆ ತಾನೇ ಅಂಟಿಕೊಂಡು, ಎಲ್ಲಿ ಶುರು ಎಲ್ಲಿ ಕೊನೆ ಎಂದು ತಿಳಿಯದ ಒಂದು ಉಂಡೆಯಾಗಿತ್ತು. ಉಗುರು ಹಾಕಿ ನೋಡಿದರು. ಬಿಡಲಿಲ್ಲ.

ಪೀಪಿ ಊದಿದ ಸದ್ದು ಕೇಳಿತು. ತಾನು ಸತ್ತವನಾದ್ದರಿಂದ ಕುಬೊದೆರಾ ಬೆಂಚಿನ ಮೇಲೆಯೇ ಕೂತಿದ್ದರು. ತೋಪಿನೊಳಗೆ ಟಕ ಟಕ ಸದ್ದು, ಓಡುವ ಸದ್ದು. ಬಹಳ ಹೊತ್ತಾಗಿರಲಿಲ್ಲ, "ಹಿಟ್" ಎಂಬ ಕೂಗು ಕೇಳಿ, ಕೈಯೆತ್ತಿಕೊಂಡು ನೆಜು ಹೊರಬಂದರು. ಅಷ್ಟು ಬೇಗ ಸಾಯುವ ಆಟಗಾರ ಅಲ್ಲ ಅವರು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಮುಸುಕು ತೆಗೆದು, ಕಣ್ಣಿನ ಗಾಜು ಒರಸಿದರು, ಒರಸಿದ್ದನ್ನೇ ಮತ್ತೆ ಒರಸಿದರು.

"ಹಿರುಮಾ ಅಮ್ಮನಿಗೆ ಹೇಳಿದ್ದು ನಾನೇ," ಎಂದರು ಆಮೇಲೆ.

"ಗೊತ್ತಾಯ್ತು."

"ಹೇಗೆ ಗೊತ್ತಾಯ್ತು?"

"ಗುಂಡೆಲ್ಲ ಒಂದೇ ಕಡೆ ಇತ್ತಲ್ಲ. ಅಷ್ಟು ದೂರದಿಂದ ಅಷ್ಟು ಒತ್ತೊತ್ತಾಗಿ ಹೊಡೆಯೋರು ಇಲ್ಲಿ ಇನ್ಯಾರಿದ್ದಾರೆ?"

ನೆಜು ಅವರಿಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ನಡುವೆಯೇ ಮೀಸೆಯ ಕೆಳಗೆ ಒಂದು ನಗು ತಪ್ಪಿಸಿಕೊಂಡು ಬಂತು. ಅದನ್ನು ಮುಚ್ಚಲು ತೋಳಿನಿಂದ ಬಾಯಿ ಒರಸಿಕೊಳ್ಳಲು ಹೋದವರು ತೋಳನ್ನು ನೋಡಿ ಹಾಗೆಯೇ ನಿಂತರು. ಬಂದೂಕನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದರಲ್ಲ, ಅಂಗಿಯ ತೋಳಿನ ಮಡಿಕೆಯ ಮೇಲೆ, ಮೊಣಕೈಯಿಂದ ಹಿಡಿದು ಮಣಿಕಟ್ಟಿನ ತನಕ, ತರಗೆಲೆಯ ಬಣ್ಣ ಉದ್ದಕ್ಕೆ ಮೆತ್ತಿಕೊಂಡಿತ್ತು.

ಬಟ್ಟೆಯ ವಿಷಯದಲ್ಲಿ ನೆಜು ಅವರನ್ನು ಸೋಲಿಸಿದ ಕಲೆ ಊರಿನಲ್ಲಿ ಇರಲಿಲ್ಲ. ಸೋಯಾ ಸಾಸು, ಮಸಿ, ಮದುವೆಯ ಉಡುಪಿನ ಮೇಲೆ ಚೆಲ್ಲಿದ ವೈನು, ಎಲ್ಲವೂ ಅವರ ಕೈಯಲ್ಲಿ ಹೋದವೇ. ಇದೇನು ಮಹಾ ಎಂದು ಅವರು ಜೇಬಿನಿಂದ ಪುಟ್ಟ ಸೀಸೆ ತೆಗೆದು ಕರವಸ್ತ್ರಕ್ಕೆ ಹನಿಸಿ ತಿಕ್ಕಿದರು. ಹೋಗಲಿಲ್ಲ. ಇನ್ನೊಂದು ಜೇಬಿನಿಂದ ಇನ್ನೊಂದು ಸೀಸೆ ತೆಗೆದರು. ಕರವಸ್ತ್ರ ಮಾತ್ರ ಅಲ್ಲೇ ಉಳಿಯಿತು.

"ಏನಿದು ಕುಬೊ, ಏನು ಹಾಕಿದ್ದೀಯ ಇದಕ್ಕೆ?"

ಕುಬೊದೆರಾ ಬೆಂಚಿನ ಮೇಲೆ ಜರುಗಿ ಹತ್ತಿರ ಬಂದು, ಕನ್ನಡಕವನ್ನು ಹಣೆಗೆ ಏರಿಸಿ, ಗೆಳೆಯನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಮಡಚು," ಎಂದರು.

"ಏನನ್ನ?"

"ಕೈಯನ್ನ."

ನೆಜು ಮೊಣಕೈ ಮಡಚಿದರು. ಬಟ್ಟೆ ನೆರಿಗೆಗಟ್ಟಿತು, ಬಣ್ಣವೂ ನೆರಿಗೆಗಟ್ಟಿತು. ಚಾಚಲು ಹೇಳಿದರು, ಚಾಚಿದರು. ಬಣ್ಣ ಬಟ್ಟೆಯ ಜೊತೆಗೇ ಬಿಗಿದು ನಿಂತಿತು. ಒಂದು ಚಕ್ಕೆ ಏಳಲಿಲ್ಲ, ಒಂದು ಗೆರೆ ಬೀಳಲಿಲ್ಲ. ಅಂಗಿ ಹಾಳಾಯಿತೆಂದು ನೆಜು ಬೈಯಲು ಬಾಯಿ ತೆರೆದರು. ಆದರೆ ಗೆಳೆಯನ ಮುಖದ ಮೇಲೆ ಆಗ ಇದ್ದ ಸಂತೋಷವನ್ನು ಅವರು ಹಿಂದೆ ಯಾವತ್ತೂ ನೋಡಿರಲಿಲ್ಲ. ಬೈಗುಳ ಹಾಗೆಯೇ ಒಳಗೆ ಹೋಯಿತು.

ಅತ್ತ ತೋಪಿನಲ್ಲಿ ಇನ್ಯಾರೋ "ಹಿಟ್" ಎಂದರು. ಕುಬೊದೆರಾ ಅವರಿಗೆ ಅದೊಂದೂ ಕೇಳಿಸಲಿಲ್ಲ.

"ಇನ್ನೊಂದ್ಸಲ ಮಡಚು," ಎಂದರು.